ಆಬಿಂಗ್ಡನ್ನಿನ ಕಾರು, ಆಗುಂಬೆಯ ಗೇರು



ಮೋಟಾರು ಕಾರಿನ ಗೇರ್‌ಬಾಕ್ಸಿನ ಬಗ್ಗೆ ನಾನು ಬರೆಯಲು ಕುಳಿತಿದ್ದೇನೆಂದರೆ ನಿಮ್ಮಲ್ಲಿ ಹಲವರು ನಗಬಹುದು. ಮೂವತ್ತನಾಲ್ಕು ವರ್ಷ ಚರಿತ್ರೆ ಕಲಿಸಿದ ನನಗೆ ಸೈಕಲ್ಲಿನ ಚೈನು ಬಿದ್ದರೂ ಹಾಕಿಕೊಡಲು ಎಂಟನೆಯ ತರಗತಿಯ ಹುಡುಗರೇ ಬೇಕಾಗುತ್ತಿತ್ತೆಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ. ಆದರೂ ಕಳೆದ ಒಂದೂವರೆ ವರ್ಷದಿಂದ ನಾನು ಒಂದು ಗೇರ್‌ಬಾಕ್ಸಿನ ವಿಚಾರವಾಗಿ ತಲೆ ಕೆಡಿಸಿಕೊಂಡಿದ್ದೇನೆ. ಅದಕ್ಕೆ ಕಾರಣನಾದವನು ತೀರ್ಥಹಳ್ಳಿಯಲ್ಲಿ ನನ್ನ ಬಳಿ ಓದಿದ ಒಬ್ಬ ವಿದ್ಯಾರ್ಥಿ. ಈಗ ಇಂಗ್ಲೆಂಡಿನ ಕವೆಂಟ್ರಿಯ ಸಮೀಪ ನೆಲೆಸಿದ್ದಾನೆ. ತನ್ನ ಹೆಸರು ಹಾಕಬಾರದೆಂದು ಅವನು ಹೇಳಿರುವುದರಿಂದ ಹಾಕುವುದಿಲ್ಲ. ಅವನ ಸಹಪಾಠಿಗಳು ಎರಡು ಪ್ಯಾರಾ ಓದುವುದರೊಳಗೆ ಗುರುತು ಹಿಡಿಯುತ್ತಾರೆ, ಅದು ಬೇರೆ ಮಾತು.

ಅವನ ತಂದೆ ಟ್ಯಾಕ್ಸಿ ಓಡಿಸುತ್ತಿದ್ದರು. ಊರಿನ ಮಕ್ಕಳಿಗೆಲ್ಲ ಅವರು ಡ್ರೈವರ್ ಮಾಮ. 1970ರ ದಶಕದಲ್ಲಿ ಅವರ ಕಪ್ಪು ಅಂಬಾಸಿಡರ್ ಕಾರು ಬಸ್ ನಿಲ್ದಾಣದ ಎದುರಿನ ಮರದ ಕೆಳಗೆ ನಿಂತಿರುತ್ತಿತ್ತು. ಮದುವೆಯ ದಿಬ್ಬಣ, ಸಾವಿನ ಸುದ್ದಿ, ಹೆರಿಗೆಯ ತೊಂದರೆ, ಯಾವುದಕ್ಕಾದರೂ ಆ ಕಾರೇ ಗತಿ. ನನ್ನ ತಾಯಿಗೆ ಎದೆನೋವು ಬಂದ ರಾತ್ರಿ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋದದ್ದೂ, ಹನ್ನೆರಡು ದಿನಗಳ ಬಳಿಕ ಅದೇ ಘಾಟಿ ಹತ್ತಿ ಹಿಂದಿರುಗಿದ್ದೂ ಅದರಲ್ಲೇ.

ಘಾಟಿ ಹತ್ತುವಾಗ ನಾನು ಮುಂದಿನ ಸೀಟಿನಲ್ಲಿದ್ದೆ. ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಬಂದ ಕಾರು ತಿರುವಿನ ಬುಡದಲ್ಲಿ ಇನ್ನೇನು ನಿಂತಿತು ಎನ್ನುವಾಗ ಡ್ರೈವರ್ ಮಾಮನ ಎಡಗಾಲು ಕ್ಲಚ್ಚನ್ನು ಒಂದಲ್ಲ, ಎರಡು ಬಾರಿ ತುಳಿಯುತ್ತಿತ್ತು. ನಡುವೆ ಬಲಗಾಲಿನಿಂದ ಆಕ್ಸಿಲರೇಟರಿಗೆ ಒಂದು ಚಿಕ್ಕ ಒತ್ತು. ಸ್ಟೇರಿಂಗಿನ ಪಕ್ಕದ ಗೇರುಕೋಲು ಸದ್ದಿಲ್ಲದೆ ಒಂದನೆಯ ಗೇರಿಗೆ ಬೀಳುತ್ತಿತ್ತು. ಆಮೇಲೆ ‘ಊಂ...’ ಎಂಬ ಒಂದು ಉದ್ದನೆಯ ಕೊರಗು, ಕಾರು ಮೇಲಕ್ಕೆ. ‘ಎರಡು ಸಲ ಯಾಕೆ ತುಳಿತೀರಿ?’ ಎಂದು ಕೇಳಿದೆ. ‘ಫಸ್ಟ್ ಗೇರು ಬಹಳ ಮರ್ಯಾದೆ ಕೇಳತ್ತೆ ಮೇಷ್ಟ್ರೇ. ಕೊಡದಿದ್ರೆ ಹಲ್ಲು ಕಡಿಯತ್ತೆ’ ಎಂದರು.

ಆ ಮರ್ಯಾದೆಯ ಅರ್ಥ ನನಗೆ ತಿಳಿದದ್ದು ನಲವತ್ತೈದು ವರ್ಷಗಳ ಬಳಿಕ, ಅವರ ಮಗನಿಂದ. ಗೇರ್‌ಬಾಕ್ಸಿನೊಳಗೆ ಎರಡು ಹಲ್ಲುಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತುತ್ತಿರುವಾಗ ಒಂದನ್ನು ಇನ್ನೊಂದಕ್ಕೆ ಹೊಂದಿಸಲು ಹೋದರೆ ಹಲ್ಲುಗಳು ಉಜ್ಜಿ ಕಿರುಚುತ್ತವೆ. ಎರಡರ ವೇಗವೂ ಸಮನಾದಾಗ ಮಾತ್ರ ಅವು ತೆಪ್ಪಗೆ ಕೂಡುತ್ತವೆ. ಹೀಗೆ ಸಮ ಮಾಡುವ ಕೆಲಸವನ್ನು ಹಳೆಯ ಕಾಲದಲ್ಲಿ ಚಾಲಕನ ಕಾಲು ಮತ್ತು ಕಿವಿ ಮಾಡಬೇಕಾಗಿತ್ತು. ಮೊದಲ ತುಳಿತದಲ್ಲಿ ಹಳೆಯ ಗೇರಿನಿಂದ ಬಿಡುಗಡೆ; ಕ್ಲಚ್ಚು ಬಿಟ್ಟು ಎಂಜಿನ್ ವೇಗ ಏರಿಸುವುದು; ಎರಡನೆಯ ತುಳಿತದಲ್ಲಿ ಹೊಸ ಗೇರಿಗೆ ಪ್ರವೇಶ. ನಮ್ಮ ಚಾಲಕರು ಇದನ್ನು ಡಬಲ್ ಕ್ಲಚ್ ಎನ್ನುತ್ತಿದ್ದರು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋಮೆಶ್ ಎಂಬ ಏರ್ಪಾಡು ಬಂದಿತು. ಹಲ್ಲುಗಳು ಕೂಡುವ ಮುನ್ನ ಶಂಕುವಿನಾಕಾರದ ಎರಡು ಮೈಗಳು ಒಂದನ್ನೊಂದು ಒತ್ತಿ, ಉಜ್ಜಿ, ವೇಗವನ್ನು ತಾವೇ ಸಮ ಮಾಡಿಕೊಳ್ಳುವ ಉಪಾಯವದು. ಆದರೆ ಹಳೆಯ ಅಂಬಾಸಿಡರಿನಲ್ಲಿ ಈ ಸೌಕರ್ಯ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಮಾತ್ರ ಇತ್ತು. ನಿಂತಲ್ಲಿಂದ ಹೊರಡುವುದಕ್ಕಷ್ಟೇ ಬಳಸುವ ಒಂದನೆಯ ಗೇರಿಗೆ ಅಷ್ಟು ಉಪಚಾರವೇಕೆಂದು ತಯಾರಕರು ಭಾವಿಸಿದ್ದರು. ಅವರು ಆಗುಂಬೆಯನ್ನು ಕಂಡವರಲ್ಲ.

ಇನ್ನು ಮಗನ ಕಾರಿನ ವಿಷಯ. ಕಳೆದ ವರ್ಷದ ಹಿಂದಿನ ಮಳೆಗಾಲದಲ್ಲಿ ಅವನು ಒಂದು ರಾತ್ರಿ ಫೋನು ಮಾಡಿ, ‘ಮೇಷ್ಟ್ರೇ, ಒಂದು ಹಳೆಯ ಕಾರು ಕೊಂಡಿದ್ದೇನೆ. 1965ರ ಎಂಜಿಬಿ. ಎಲ್ಲ ತುಕ್ಕು’ ಎಂದ. ಎಂಜಿ ಎಂಬ ಎರಡಕ್ಷರವನ್ನು ಬೆಂಗಳೂರಿನ ರಸ್ತೆಗಳಲ್ಲಿ 2019ರಿಂದ ನೀವು ನೋಡುತ್ತಿದ್ದೀರಿ. ಆ ಎಂಟುಮೂಲೆಯ ಲಾಂಛನದ ಹಿಂದೆ ಒಂದು ಉದ್ದನೆಯ ಕಥೆಯಿದೆ. ಚರಿತ್ರೆಯ ಮೇಷ್ಟ್ರಾಗಿ ನಾನು ಅದನ್ನು ಹೇಳದೆ ಮುಂದೆ ಹೋಗಲಾರೆ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿಯಿಂದ ಬದುಕು ಆರಂಭಿಸಿ, ಮುಂದೆ ಲಾರ್ಡ್ ನಫೀಲ್ಡ್ ಎನಿಸಿಕೊಂಡ ವಿಲಿಯಂ ಮಾರಿಸರ ಮಾರಾಟ ಮಳಿಗೆಯ ಹೆಸರು ಅದು. 1922ರಲ್ಲಿ ಅದರ ವ್ಯವಸ್ಥಾಪಕರಾದ ಸೆಸಿಲ್ ಕಿಂಬರ್ ಎಂಬುವರು ಮಾರಿಸರ ಸಾಧಾರಣ ಕಾರುಗಳಿಗೇ ಚೆಲುವಾದ ಮೈ ತೊಡಿಸಿ ಮಾರತೊಡಗಿದರು. ಎಂಜಿ ಮೊದಲಿನಿಂದಲೂ ಹೀಗೆಯೇ ಹುಟ್ಟಿದ್ದು, ಸಂಸಾರಸ್ಥರ ಕಾರಿನ ಭಾಗಗಳಿಂದ ಕಟ್ಟಿದ ಹುಡುಗರ ಕಾರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1929ರಲ್ಲಿ ಕಾರ್ಖಾನೆ ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಎಂಬ ಪುಟ್ಟ ಊರಿಗೆ, ಚರ್ಮ ಹದಮಾಡುವ ಒಂದು ಕಾರ್ಖಾನೆಯ ಕಟ್ಟಡಗಳಿಗೆ ಹೋಯಿತು. 1941ರಲ್ಲಿ ಕಿಂಬರ್ ತಾವೇ ಕಟ್ಟಿದ ಸಂಸ್ಥೆಯಿಂದ ಹೊರದೂಡಲ್ಪಟ್ಟರು. ವೇಗದ ಕಾರುಗಳ ನಡುವೆ ಬದುಕಿದ ಆ ಮನುಷ್ಯ ಸತ್ತದ್ದು 1945ರ ಫೆಬ್ರವರಿಯಲ್ಲಿ, ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ಏರು ಹತ್ತಲಾರದೆ ಹಿಂದಕ್ಕೆ ಜಾರಿದ ಒಂದು ರೈಲಿನಲ್ಲಿ.

ಯುದ್ಧ ಮುಗಿದ ಬ್ರಿಟನ್ನಿಗೆ ಸಾಲವಿತ್ತು, ಡಾಲರು ಇರಲಿಲ್ಲ. ಉಕ್ಕು ಬೇಕಾದರೆ ಹೊರದೇಶಕ್ಕೆ ಮಾರಿ ತೋರಿಸಬೇಕಾಗಿತ್ತು. 1949ರಿಂದ 1953ರವರೆಗೆ ತಯಾರಾದ ಸುಮಾರು 30,000 ಟಿಡಿ ಮಾದರಿಯ ಎಂಜಿಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿದವು. 1952ರಲ್ಲಿ ಮಾರಿಸರ ಸಂಸ್ಥೆಯೂ ಅವರ ಪ್ರತಿಸ್ಪರ್ಧಿಯಾಗಿದ್ದ ಆಸ್ಟಿನ್ನೂ ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಯಿತು. ಆ ಮನೆಯಲ್ಲಿ ‘ಬಿ ಸೀರೀಸ್’ ಎಂಬ ಒಂದು ಎಂಜಿನ್ನಿನ ವಂಶ ಬೆಳೆಯಿತು. ಅದರ 1489 ಘನ ಸೆಂಟಿಮೀಟರಿನ ರೂಪ 1955ರಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೆ ಬಂದಿತು. ಅಷ್ಟೇ ಗಾತ್ರದ ಅದೇ ವಂಶದ ಎಂಜಿನ್ನು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರಿಗೂ ಬಂದಿತು. ಅಂಬಾಸಿಡರ್ ಎಂಬುದು ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನ ಭಾರತೀಯ ಜನ್ಮ ತಾನೆ? ಹಾಗಾಗಿ ಹಾಲಿವುಡ್ಡಿನ ಬೀದಿಯಲ್ಲಿ ಮೇಲ್ಛಾವಣಿ ಮಡಚಿಕೊಂಡು ಓಡುತ್ತಿದ್ದ ಕೆಂಪು ಕಾರೂ, ಅಡಿಕೆಮೂಟೆಯ ಮೇಲೆ ಮದುಮಗನನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಬರುತ್ತಿದ್ದ ಕಪ್ಪು ಕಾರೂ ದಾಯಾದಿಗಳು.

1962ರಲ್ಲಿ ಎಂಜಿಬಿ ಬಂದಿತು. ಅದರ ವಿನ್ಯಾಸದ ಮುಖ್ಯಸ್ಥ ಸಿಡ್ ಎನೆವರ್ ಮಾರಿಸ್ ಗ್ಯಾರೇಜಿಗೆ ಚಿಲ್ಲರೆ ಕೆಲಸದ ಹುಡುಗನಾಗಿ ಸೇರಿದ್ದವರು. ಎಂಜಿನ್ನನ್ನು 1798 ಘನ ಸೆಂಟಿಮೀಟರಿಗೆ ಹಿಗ್ಗಿಸಿ 95 ಅಶ್ವಶಕ್ತಿ ತೆಗೆದರು. ಪ್ರತ್ಯೇಕ ಚಾಸಿಯನ್ನು ಬಿಟ್ಟು, ಮೈಯೇ ಬೆನ್ನೆಲುಬೂ ಆಗಿರುವಂಥ ಹೊಸ ಕಟ್ಟು ಮಾಡಿದರು. ಆದರೆ ಗೇರ್‌ಬಾಕ್ಸು ಮಾತ್ರ ಮನೆಯಲ್ಲಿ ಇದ್ದದ್ದೇ. ನಾಲ್ಕು ಗೇರು, ಒಂದನೆಯದಕ್ಕೆ ಸಿಂಕ್ರೋಮೆಶ್ ಇಲ್ಲ, ಅದರ ಹಲ್ಲುಗಳು ನೇರವಾಗಿ ಕಡೆದವು. ಓರೆಯಾಗಿ ಕಡೆದ ಹಲ್ಲುಗಳಂತೆ ಮೆಲ್ಲಗೆ ಜಾರಿ ಕೂಡದೆ, ಅದೇ ‘ಊಂ...’ ಎಂಬ ಕೊರಗು.

1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಮುಚ್ಚಿತು. ಅಲ್ಲಿಗೆ ಬಂದು ಐವತ್ತು ವರ್ಷವಾದ ಉತ್ಸವವನ್ನು ಊರವರು ಆಚರಿಸಿದ ಬೆನ್ನಿಗೇ, 1979ರ ಸೆಪ್ಟೆಂಬರಿನಲ್ಲಿ, ಮುಚ್ಚುವ ಸುದ್ದಿ ಹೊರಬಿದ್ದಿತ್ತು. ಅಷ್ಟರಲ್ಲಿ ಎಂಜಿಬಿಯೂ ಅದರ ಸೋದರ ಮಾದರಿಗಳೂ ಸೇರಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾಗಿದ್ದವು. 2014ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಆಬಿಂಗ್ಡನ್ನನ್ನು ನೋಡಿದೆ. ಥೇಮ್ಸ್ ನದಿಯ ದಡದ ಸುಂದರವಾದ ಊರು. ಹದಿನೇಳನೆಯ ಶತಮಾನದ ಕೌಂಟಿ ಹಾಲ್ ಕಟ್ಟಡದ ವಸ್ತುಸಂಗ್ರಹಾಲಯದಲ್ಲಿ ಕಡೆಯ ದಿನಗಳ ಒಂದು ಎಂಜಿಬಿಯನ್ನು ಇಟ್ಟಿದ್ದಾರೆ. ಅದೇ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತ್ತು. ಆ ಎರಡು ಸಂಗತಿಗಳಿಗೆ ಸಂಬಂಧವಿದೆಯೆಂದು ಆಗ ನನಗೆ ಹೊಳೆಯಲೇ ಇಲ್ಲ.

ಈಗ ಕವೆಂಟ್ರಿಯ ಗ್ಯಾರೇಜಿಗೆ ಹೋಗೋಣ. ನಾನು ಅದನ್ನು ಕಂಡದ್ದು ಮೊಬೈಲಿನಲ್ಲಿ. ಕಾರಿನ ಬಾಗಿಲುಗಳ ಕೆಳಗೆ ಹೊಸಿಲಿನಂತಿರುವ ಪಟ್ಟಿಗಳು ತುಕ್ಕು ತಿಂದು ಹಪ್ಪಳದಂತಾಗಿದ್ದವು. ಮೈಯೇ ಬೆನ್ನೆಲುಬಾದ ಕಾರಿನಲ್ಲಿ ಆ ಪಟ್ಟಿಗಳು ಬರಿಯ ಅಲಂಕಾರವಲ್ಲ, ಇಡೀ ಕಾರಿನ ಭಾರ ಹೊರುವ ತೊಲೆಗಳು. ಅವನ್ನು ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಕಬ್ಬಿಣದ ಊರೆ ಕೊಟ್ಟು ಬಿಗಿಯದಿದ್ದರೆ ಕಾರು ನಡು ಬಾಗುತ್ತದೆ. ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ನಮ್ಮ ಬಡಗಿಗಳು ಹಳೆಯ ಮನೆಯ ಕಂಬ ಬದಲಿಸುವಾಗ ತೊಲೆಗೆ ಊರೆ ಕೊಡುವುದಿಲ್ಲವೇ, ಹಾಗೆ. ಅದೃಷ್ಟಕ್ಕೆ ಈ ಕಾರಿನ ತಗಡಿನ ಭಾಗಗಳೆಲ್ಲ ಹೊಸದಾಗಿಯೇ ಸಿಗುತ್ತವೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಲ್ಲಿ ಎಂಜಿಬಿಯ ಪೂರ್ತಿ ಮೈಯನ್ನೇ ಮತ್ತೆ ತಯಾರಿಸಲು ಆರಂಭಿಸಿತ್ತು. ಆರು ತಿಂಗಳಲ್ಲಿ ಮೈ ಸಿದ್ಧವಾಯಿತು. ಅಷ್ಟು ಹೊತ್ತಿಗೆ ಗೇರ್‌ಬಾಕ್ಸು ತೆರೆದು ನೋಡಿದ. ಒಂದನೆಯ ಗೇರಿನ ಹಲ್ಲುಗಳ ತುದಿ ಮೊಂಡಾಗಿದ್ದವು. ಕಾರು ಇನ್ನೂ ಉರುಳುತ್ತಿರುವಾಗಲೇ ಒಂದನೆಯ ಗೇರಿಗೆ ತುರುಕಿದ ಯಾರೋ ಹಿಂದಿನ ಒಡೆಯರ ಕೈವಾಡ. ಮರ್ಯಾದೆ ಕೊಡದವರು.

‘ಮೇಷ್ಟ್ರೇ, ನೀವು ಚರಿತ್ರೆ ಕಲಿಸಿದವರು. ಹಳೆಯ ವಸ್ತುವನ್ನು ದುರಸ್ತಿ ಮಾಡುವಾಗ ಯಾವ ಕಾಲಕ್ಕೆ ದುರಸ್ತಿ ಮಾಡಬೇಕು?’ ಎಂದು ಅವನು ಕೇಳಿದ್ದು ಆಗ. ಈ ಕಾರಿನಲ್ಲಿ ಗೇರ್‌ಬಾಕ್ಸನ್ನು ಇಳಿಸಬೇಕಾದರೆ ಎಂಜಿನ್ನನ್ನೂ ಕೂಡಿಯೇ ಎತ್ತಿ ಹೊರತೆಗೆಯಬೇಕಂತೆ. ಆದ್ದರಿಂದ ಒಮ್ಮೆ ಒಳಗೆ ಹಾಕಿದ ಮೇಲೆ ‘ಅಯ್ಯೋ, ಬೇರೆಯದು ಹಾಕಬೇಕಿತ್ತು’ ಎಂದರೆ ತಿಂಗಳ ಕೆಲಸ.

ನಾನು ಹಿಂದುಮುಂದು ನೋಡದೆ ‘ಇದ್ದದ್ದನ್ನು ಇದ್ದಂತೆಯೇ ಮಾಡು ಮಾರಾಯ, ಇದರಲ್ಲಿ ಕೇಳುವುದೇನು?’ ಎಂದೆ. ನನ್ನ ಸಿಟ್ಟಿಗೆ ಕಾರಣವಿತ್ತು. ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರದಲ್ಲಿ ನಾಲ್ಕುನೂರು ವರ್ಷ ಜನ ನಡೆದು ನುಣುಪಾಗಿದ್ದ ಕಲ್ಲುಹಾಸಿನ ಮೇಲೆ ಹೊಳೆಯುವ ಟೈಲ್ಸು ಹಾಕಿದ್ದನ್ನು ನಾನು ಸಮಿತಿಯಲ್ಲಿದ್ದುಕೊಂಡೇ ತಡೆಯಲಾಗಲಿಲ್ಲ. ಈಗ ಅಲ್ಲಿ ಮಳೆಗಾಲದಲ್ಲಿ ಮುದುಕರು ಜಾರಿ ಬೀಳುತ್ತಾರೆ.

ಅವನು ತಾಳ್ಮೆಯಿಂದ ತನ್ನ ಕಷ್ಟ ವಿವರಿಸಿದ. ಇದ್ದಂತೆಯೇ ಮಾಡಿದರೆ ನಾಲ್ಕನೆಯ ಗೇರಿನಲ್ಲಿ ಎಂಜಿನ್ನಿನ ಪ್ರತಿ 1000 ಸುತ್ತಿಗೆ ಕಾರಿನ ವೇಗ ಗಂಟೆಗೆ ಸುಮಾರು 29 ಕಿಲೋಮೀಟರು. ಅಂದರೆ ಅಲ್ಲಿನ ಹೆದ್ದಾರಿಯ ಮಿತಿಯಾದ 70 ಮೈಲಿಗೆ, ಎಂದರೆ ನಮ್ಮ 112 ಕಿಲೋಮೀಟರಿಗೆ, ಎಂಜಿನ್ನು ನಿಮಿಷಕ್ಕೆ 3900 ಸುತ್ತು ಸುತ್ತುತ್ತಿರಬೇಕು. ಮೇಲ್ಛಾವಣಿಯಿಲ್ಲದ ಕಾರಿನಲ್ಲಿ ಆ ಗದ್ದಲದಲ್ಲಿ ಎರಡು ಗಂಟೆ ಕೂತರೆ ಮರುದಿನವೂ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಅವನ ಹೆಂಡತಿ ಒಮ್ಮೆ ಬೇರೊಬ್ಬರ ಅಂಥದೇ ಕಾರಿನಲ್ಲಿ ಹೋಗಿ ಬಂದು, ‘ಇದರಲ್ಲಿ ನೀವೊಬ್ಬರೇ ಓಡಾಡಿಕೊಳ್ಳಿ’ ಎಂದಿದ್ದಳಂತೆ.

ಈ ತೊಂದರೆಯಲ್ಲಿಯೇ ಒಂದು ಚರಿತ್ರೆಯಿದೆ. ಆ ಗೇರ್‌ಬಾಕ್ಸಿನ ಕಲ್ಪನೆ ಹುಟ್ಟಿದಾಗ ಬ್ರಿಟನ್ನಿನಲ್ಲಿ ಇಂದಿನ ಅರ್ಥದ ಹೆದ್ದಾರಿ ಇರಲೇ ಇಲ್ಲ. ಬೇಲಿಗಳ ನಡುವೆ ಸುತ್ತಿ ಬಳಸಿ ಹೋಗುವ ಹಳ್ಳಿಯ ರಸ್ತೆಗಳು, ಊರಿಗೊಂದು ಚೌಕ, ಕುರಿಮಂದೆ. ಅಲ್ಲಿ ಬೇಕಾಗಿದ್ದುದು ತಿರುವಿನಿಂದ ತಿರುವಿಗೆ ಚಿಮ್ಮುವ ಶಕ್ತಿ. ಮೊದಲ ಮೋಟಾರು ಹೆದ್ದಾರಿಯಾದ ಪ್ರೆಸ್ಟನ್ ಬೈಪಾಸು ತೆರೆದದ್ದು 1958ರ ಡಿಸೆಂಬರಿನಲ್ಲಿ, ಲಂಡನ್ನಿನ ಕಡೆಯಿಂದ ಉತ್ತರಕ್ಕೆ ಹೋಗುವ ಎಂ1 ತೆರೆದದ್ದು 1959ರ ನವೆಂಬರಿನಲ್ಲಿ. ತಿರುವೇ ಇಲ್ಲದ ಆ ಹೊಸ ರಸ್ತೆಯ ಮೇಲೆ ಮೊದಲ ವರ್ಷಗಳಲ್ಲಿ ವೇಗದ ಮಿತಿಯೂ ಇರಲಿಲ್ಲ. 70 ಮೈಲಿಯ ಮಿತಿ ಬಂದದ್ದು 1965ರ ಡಿಸೆಂಬರಿನಲ್ಲಿ. ನಮ್ಮ ಕಾರು ಹುಟ್ಟಿದ ವರ್ಷ. ಹಳೆಯ ರಸ್ತೆಯ ಗೇರ್‌ಬಾಕ್ಸು ಹೊತ್ತ ಕಾರೊಂದು ಹೊಸ ರಸ್ತೆಗೆ ಬಂದು ಸೇರಿತ್ತು.

ಆಗಿನ ಪರಿಹಾರವೇ ಓವರ್‌ಡ್ರೈವ್. ಎಡ್ಗರ್ ಡಿ ನಾರ್ಮನ್‌ವಿಲ್ ಎಂಬ ಎಂಜಿನಿಯರು ರೂಪಿಸಿ, ಶೆಫೀಲ್ಡಿನ ಲೇಕಾಕ್ ಕಾರ್ಖಾನೆ ತಯಾರಿಸುತ್ತಿದ್ದ ಈ ಯಂತ್ರ ನನ್ನನ್ನು ಬಹಳವಾಗಿ ಮರುಳುಮಾಡಿದೆ. ಗೇರ್‌ಬಾಕ್ಸಿನ ಹಿಂಭಾಗಕ್ಕೆ ಜೋಡಿಸುವ ಒಂದು ಪುಟ್ಟ ಪೆಟ್ಟಿಗೆ. ಒಳಗೆ ನಡುವೆ ಸೂರ್ಯನೆಂಬ ಹಲ್ಲುಚಕ್ರ, ಸುತ್ತ ಗ್ರಹಗಳೆಂಬ ಮೂರು ಚಕ್ರ, ಅವೆಲ್ಲವನ್ನೂ ಒಳಗೊಂಡ ಒಂದು ಹೊರಬಳೆ. ಸಾಮಾನ್ಯವಾಗಿ ಶಂಕುವಿನಾಕಾರದ ಒಂದು ಕ್ಲಚ್ಚು ಸ್ಪ್ರಿಂಗುಗಳ ಬಲದಿಂದ ಸೂರ್ಯನನ್ನೂ ಹೊರಬಳೆಯನ್ನೂ ಬಿಗಿದು ಹಿಡಿದಿರುತ್ತದೆ. ಆಗ ಇಡೀ ಬ್ರಹ್ಮಾಂಡವೇ ಒಂದು ಗಟ್ಟಿಯಂತೆ ಸುತ್ತುತ್ತದೆ, ಏನೂ ವ್ಯತ್ಯಾಸವಿಲ್ಲ. ಚಾಲಕ ಸ್ವಿಚ್ಚು ಒತ್ತಿದಾಗ ಎಣ್ಣೆಯ ಒತ್ತಡ ಆ ಕ್ಲಚ್ಚನ್ನು ಇನ್ನೊಂದು ಪಕ್ಕಕ್ಕೆ ತಳ್ಳಿ, ಪೆಟ್ಟಿಗೆಯ ಗೋಡೆಗೆ ಅಂಟಿದ ಬಳೆಗೆ ಒತ್ತುತ್ತದೆ. ಸೂರ್ಯ ಅಲುಗದೆ ನಿಲ್ಲುತ್ತಾನೆ. ಗ್ರಹಗಳು ಅವನಿಗೆ ಪ್ರದಕ್ಷಿಣೆ ಹಾಕುತ್ತ ಹೊರಬಳೆಯನ್ನು ಇನ್ನೂ ವೇಗವಾಗಿ ತಿರುಗಿಸುತ್ತವೆ. ನಾಲ್ಕನೆಯ ಗೇರಿನಲ್ಲಿ ಎಂಜಿನ್ನು 1000 ಸುತ್ತು ಸುತ್ತಿದರೆ ಹಿಂದಿನ ಶಾಫ್ಟು ಸುಮಾರು 1250 ಸುತ್ತು. ಕ್ಲಚ್ಚು ತುಳಿಯುವ ಅಗತ್ಯವೂ ಇಲ್ಲ. ಒಂದೇ ದಿಕ್ಕಿಗೆ ಹಿಡಿಯುವ ಉರುಳೆಗಳ ಒಂದು ಏರ್ಪಾಡು, ಒಂದು ಕೈ ಬಿಟ್ಟು ಇನ್ನೊಂದು ಹಿಡಿಯುವ ನಡುವಿನ ಕ್ಷಣವನ್ನು ತಾನು ಹೊರುತ್ತದೆ. ರಿವರ್ಸಿನಲ್ಲಿ ಮಾತ್ರ ಇದನ್ನು ಹಾಕಿದರೆ ಆ ಉರುಳೆಗಳು ಮುರಿದು ಹೋಗುವುದರಿಂದ, ಮೂರು ಮತ್ತು ನಾಲ್ಕನೆಯ ಗೇರಿನ ಹೊರತು ಬೇರೆಲ್ಲೂ ವಿದ್ಯುತ್ತು ಹರಿಯದಂತೆ ಗೇರ್‌ಬಾಕ್ಸಿನ ಮೇಲೆ ಒಂದು ಕಾವಲು ಸ್ವಿಚ್ಚು ಇಟ್ಟಿರುತ್ತಾರೆ. 3900 ಸುತ್ತಿದ್ದದ್ದು 3140ಕ್ಕೆ ಇಳಿಯುತ್ತದೆ. ಮೂರನೆಯದಕ್ಕೂ ಸಿಗುವುದರಿಂದ ನಾಲ್ಕು ಗೇರು ಲೆಕ್ಕದಲ್ಲಿ ಆರಾಗುತ್ತವೆ.

‘ಹಾಗಾದರೆ ಅದನ್ನೇ ಉಳಿಸಿಕೋ’ ಎಂದೆ. ‘ಉಳಿಸಿಕೊಳ್ಳೋದಕ್ಕೆ ಇದ್ದರೆ ತಾನೇ ಮೇಷ್ಟ್ರೇ? ಅದು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾಗಿದ್ದ ವಸ್ತು. ಈ ಕಾರಿನ ಮೊದಲ ಒಡೆಯ ಹಾಕಿಸಿರಲಿಲ್ಲ. ಈಗ ನಾನು ಹಾಕಿದರೆ ನಿಮ್ಮ ಲೆಕ್ಕದಲ್ಲಿ ಅದೂ ಟೈಲ್ಸೇ ಅಲ್ಲವಾ?’

ಉತ್ತರ ಹೇಳಲಾಗದೆ ಫೋನು ಇಟ್ಟೆ. ಮೇಷ್ಟ್ರ ಕೆಲಸದಲ್ಲಿ ಇಂಥ ಪ್ರಶ್ನೆ ಕೇಳುವ ಹುಡುಗರು ವರ್ಷಕ್ಕೊಬ್ಬರು ಸಿಕ್ಕರೆ ಪುಣ್ಯ. ಇವನು ಓದುವಾಗ ಒಂದೂ ಕೇಳಿರಲಿಲ್ಲ.

ಇನ್ನೆರಡು ದಾರಿಗಳಿದ್ದವು. 1967ರಲ್ಲಿ ಎಂಜಿಬಿಗೆ ಎಲ್ಲ ನಾಲ್ಕು ಗೇರಿಗೂ ಸಿಂಕ್ರೋಮೆಶ್ ಇರುವ ಹೊಸ ಗೇರ್‌ಬಾಕ್ಸು ಬಂದಿತು. ಅದನ್ನು ಹಾಕಬಹುದು, ಆದರೆ ಅದು ದಪ್ಪ. 1965ರ ಕಾರಿನಲ್ಲಿ ಎರಡು ಸೀಟುಗಳ ನಡುವೆ ಗೇರ್‌ಬಾಕ್ಸನ್ನು ಮುಚ್ಚುವ ಸುರಂಗ ಕಿರಿದು. ತಗಡು ಕತ್ತರಿಸಿ ಅಗಲಿಸಬೇಕು. ಅಷ್ಟು ಕಷ್ಟಪಟ್ಟು ಬೆಸೆದ ಮೈಯನ್ನು ಮತ್ತೆ ಕತ್ತರಿಸುವುದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಅದೇ ವರ್ಷ ಆಟೋಮ್ಯಾಟಿಕ್ ಗೇರಿನ ಆಯ್ಕೆಯನ್ನೂ ಕೊಟ್ಟಿದ್ದರು. ಕೊಂಡವರು ವಿರಳ, 1973ರಲ್ಲಿ ನಿಲ್ಲಿಸಿದರು. ಅದರ ಮಾತು ಬಿಡಿ.

ನಿಜವಾದ ಆಕರ್ಷಣೆ ಐದು ಗೇರಿನದು. ಫೋರ್ಡ್ ಸಿಯೆರಾ ಎಂಬ ಕಾರಿನ ‘ಟೈಪ್ 9’ ಗೇರ್‌ಬಾಕ್ಸನ್ನು ಎಂಜಿಬಿಗೆ ಹೊಂದಿಸುವ ಸಾಮಗ್ರಿಯ ಕಟ್ಟು ಅಂಗಡಿಯಲ್ಲೇ ಸಿಗುತ್ತದೆ. ಕಿರಿದಾದ ಸುರಂಗದಲ್ಲೂ ತಗಡು ಕತ್ತರಿಸದೆ ಕೂರುತ್ತದೆ, ಹಗುರ, ಸದ್ದಿಲ್ಲ, ಎಲ್ಲ ಗೇರಿಗೂ ಸಿಂಕ್ರೋಮೆಶ್. ಐದನೆಯ ಗೇರಿನಲ್ಲಿ 112 ಕಿಲೋಮೀಟರಿಗೆ ಸುಮಾರು 3200 ಸುತ್ತು. ಓವರ್‌ಡ್ರೈವಿಗೂ ಇದಕ್ಕೂ ಅರವತ್ತು ಎಪ್ಪತ್ತು ಸುತ್ತಿನ ಅಂತರವಷ್ಟೇ. ಅದರ ಒಂದನೆಯ ಗೇರು ತೀರ ಗಿಡ್ಡ, ಹೊರಟ ಮರುಕ್ಷಣ ಎರಡನೆಯದಕ್ಕೆ ಹೋಗಬೇಕಾಗುತ್ತದೆ ಎಂದು ದೂರುವವರಿದ್ದಾರೆ. ಲೆಕ್ಕ ನೋಡಿದರೆ ಅದರ ಅನುಪಾತ 3.65, ಹಳೆಯ ಎಂಜಿಬಿಯದು 3.64. ಇಬ್ಬರೂ ಒಂದೇ ಎತ್ತರದವರು! ದೂರುತ್ತಿರುವವರು 1967ರ ನಂತರದ ಕಾರಿನವರು, ಅವರದು 3.44. ಮಾಜ್ದಾ ಎಂಎಕ್ಸ್-5 ಕಾರಿನ ಗೇರ್‌ಬಾಕ್ಸು ಹಾಕುವವರೂ ಇದ್ದಾರೆ. ಇಂಗ್ಲಿಷರ ಇಂಥ ಕಾರುಗಳನ್ನು ಮೆಚ್ಚಿ ಜಪಾನೀಯರು 1989ರಲ್ಲಿ ಮಾರುಕಟ್ಟೆಗೆ ತಂದ ಕಾರು ಅದು. ಮೊಮ್ಮಗನ ಮೂಳೆಯನ್ನು ಅಜ್ಜನಿಗೆ ಕಸಿ ಮಾಡಿದಂತೆ.

ಐದು ಗೇರಿನದನ್ನೇ ಹಾಕುವುದೆಂದು ಅವನು ಬಹುಮಟ್ಟಿಗೆ ತೀರ್ಮಾನಿಸಿದ್ದ. ನನಗೂ ವಾದ ಉಳಿದಿರಲಿಲ್ಲ. ಅಲ್ಲದೆ ನನ್ನ ಮೊದಲಿನ ಹಟವೂ ಸಡಿಲವಾಗಿತ್ತು. ಈ ಕಾರಿನ ಸಂತತಿಯೇ ಇತರ ಕಾರುಗಳ ಭಾಗಗಳಿಂದ ಕಟ್ಟಿದ್ದು. ಕಿಂಬರ್ ಮಾಡಿದ್ದೇ ಅದನ್ನು. ಸಿಯೆರಾದ ಗೇರ್‌ಬಾಕ್ಸು ಕಂಡರೆ ಆತ ಒಂದು ಕ್ಷಣವೂ ಅನುಮಾನಿಸುತ್ತಿರಲಿಲ್ಲ. ಇನ್ನು ‘ಆಧುನಿಕ’ವೆಂದು ಹೊಗಳಿಸಿಕೊಳ್ಳುವ ಆ ಗೇರ್‌ಬಾಕ್ಸಾದರೂ ನಿನ್ನೆ ಮೊನ್ನೆಯದಲ್ಲ, 1982ರ ಸುಮಾರಿನದು. ಸಿಯೆರಾ ತಯಾರಿಕೆ 1993ರಲ್ಲೇ ನಿಂತಿತು. ಅದೂ ಈಗ ಗುಜರಿಯಲ್ಲಿ ಹುಡುಕುವ ಹಳೆಯ ವಸ್ತುವೇ.

ತೀರ್ಮಾನ ತಿರುಗಿದ್ದು ಚರಿತ್ರೆಯ ವಾದದಿಂದಲ್ಲ. ಕಳೆದ ವರ್ಷ ಕಾರ್ತಿಕದಲ್ಲಿ ಅವನು ಊರಿಗೆ ಬಂದಿದ್ದ. ನನ್ನ ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತಿರುವಾಗ ಅವನ ತಂದೆ ಒಮ್ಮೆ ನನ್ನಲ್ಲಿಗೆ ಬಂದು ಹೇಳಿದ್ದನ್ನು ಅವನಿಗೆ ಹೇಳಿದೆ. ಅವನು ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ‘ಮೇಷ್ಟ್ರೇ, ಇವನು ನನ್ನ ಕಾರಿನ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ. ಸ್ಪ್ಯಾನರ್ ಹಿಡಿದ ಕೈ ಪೆನ್ನು ಹಿಡಿಯಲ್ಲ.’ ಅವರ ಮಾತನ್ನು ನಾನು ನಡೆಸಿಕೊಟ್ಟೆ. ಭಾನುವಾರವೂ ಮನೆಗೆ ಕರೆಸಿ ಓದಿಸಿದೆ. ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿದಾಗಲೆಲ್ಲ ಬೈದೆ. ಅವನು ಎಂಜಿನಿಯರಾದ, ಸಾಫ್ಟ್‌ವೇರು ಸೇರಿದ, ವಿಲಾಯತಿಗೆ ಹೋದ. ಡ್ರೈವರ್ ಮಾಮ ತೀರಿಕೊಂಡಾಗ ಅವನು ಅಲ್ಲೇ ಇದ್ದ. ಕಾರನ್ನು ಗುಜರಿಗೆ ಹಾಕಿ ವರ್ಷಗಳಾಗಿದ್ದವು. ‘ಅಪ್ಪ ಡಬಲ್ ಕ್ಲಚ್ ಮಾಡೋದನ್ನ ನಾನು ಹಿಂದಿನ ಸೀಟಿಂದ ನೋಡಿದ್ದು ಅಷ್ಟೇ. ಒಂದು ಸಲಾನೂ ಕಲಿಸಲಿಲ್ಲ’ ಎಂದ. ನನ್ನನ್ನು ದೂರಿ ಹೇಳಿದ್ದಲ್ಲ. ಆದರೂ ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹಿಂತಿರುಗಿ ಹೋದವನು ಹಳೆಯ ಕಾರುಗಳ ಬಳಗದ ಮೂಲಕ, ಗುಜರಿಗೆ ಹೋಗಲಿದ್ದ 1966ರ ಒಂದು ಎಂಜಿಬಿಯ ಗೇರ್‌ಬಾಕ್ಸನ್ನು ಓವರ್‌ಡ್ರೈವ್ ಸಮೇತ ಹುಡುಕಿದ. ಓವರ್‌ಡ್ರೈವನ್ನು ಸುಮ್ಮನೆ ಹಿಂದಕ್ಕೆ ಬೋಲ್ಟು ಹಾಕಿ ಸಿಕ್ಕಿಸಲಾಗುವುದಿಲ್ಲ. ಅದಕ್ಕೆ ಒಳಗಿನ ಮುಖ್ಯ ಶಾಫ್ಟೇ ಬೇರೆ. ಆದ್ದರಿಂದ ಆ ಪೆಟ್ಟಿಗೆಯಿಂದ ಶಾಫ್ಟು, ಓವರ್‌ಡ್ರೈವ್, ಮೊಂಡಾಗದ ಒಂದನೆಯ ಗೇರು. ತನ್ನದರಿಂದ ಹೊರಕವಚ ಮತ್ತು ಉಳಿದ ಕೆಲವು ಗೇರು. ಬೇರಿಂಗು, ಹಿತ್ತಾಳೆಯ ಉಂಗುರಗಳು ಹೊಸವು. ಎರಡು ಸೇರಿ ಒಂದಾಯಿತು. ಸುರಂಗಕ್ಕೆ ಗರಗಸ ತಾಗಲಿಲ್ಲ. ಓವರ್‌ಡ್ರೈವಿನ ಸ್ವಿಚ್ಚನ್ನು ಆ ಕಾಲದಲ್ಲಿದ್ದಂತೆ ಡ್ಯಾಶ್‌ಬೋರ್ಡಿನಲ್ಲೇ ಇಟ್ಟ. ಈ ಕಾರು ಆಬಿಂಗ್ಡನ್ನಿನಿಂದ ಹೊರಬಂದದ್ದು ಹೀಗಲ್ಲ. ಆದರೆ ಆ ಮೊದಲ ಒಡೆಯನ ಜೇಬಿನಲ್ಲಿ ಇನ್ನಷ್ಟು ಹಣವಿದ್ದಿದ್ದರೆ ಹೀಗೆಯೇ ಬರುತ್ತಿತ್ತು. ನನ್ನನ್ನು ಕೇಳಿದರೆ ಇದು ಸರಿಯಾದ ತೀರ್ಮಾನ. ಟೈಲ್ಸು ಅಲ್ಲ, ಮಾಡು ಸೋರುತ್ತಿದ್ದ ಗುಡಿಗೆ ಅಜ್ಜನ ಕಾಲದವರು ಮುಂಚಾಚು ಇಳಿಸಿದ್ದರಲ್ಲ, ಆ ಜಾತಿಯದು. ಒಪ್ಪದವರು ಐದು ಗೇರು ಹಾಕಿಸಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ.

ಈ ವರ್ಷದ ಏಪ್ರಿಲ್ಲಿನಲ್ಲಿ ಕಾರು ರಸ್ತೆಗಿಳಿಯಿತು. ಮೊದಲ ವಾರ ಡಬಲ್ ಕ್ಲಚ್ ಬಾರದೆ ಎರಡು ಬಾರಿ ಹಲ್ಲು ಕಡಿಸಿದನಂತೆ. ಬಂದ ದಿನ ನನಗೊಂದು ಧ್ವನಿಮುದ್ರಣ ಕಳಿಸಿದ. ಯಾವುದೋ ಏರಿನ ಬುಡ; ಎರಡನೆಯ ಗೇರಿನಲ್ಲಿ ಎಂಜಿನ್ನು ಕುಗ್ಗುತ್ತದೆ, ಒಂದು ಕ್ಷಣ ಬಿಡುವು, ಚಿಕ್ಕದೊಂದು ಒತ್ತು, ಆಮೇಲೆ ‘ಊಂ...’

ಮೊಬೈಲು ಹಿಡಿದುಕೊಂಡು ಅವನ ತಾಯಿಯ ಮನೆಗೆ ಹೋದೆ. ಆಕೆಗೆ ಈಗ ಎಂಬತ್ತರ ಮೇಲೆ. ಹಿತ್ತಿಲಿನ ಕಟ್ಟೆಯ ಮೇಲೆ ಕೂತು ಸುಲಿದ ಅಡಿಕೆ ಆರಿಸುತ್ತಿದ್ದರು. ಏನೆಂದು ಹೇಳದೆ ಕೇಳಿಸಿದೆ. ಕೈ ನಿಂತಿತು. ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ. ‘ಮನೆ ಮುಂದಿನ ಏರು ಹತ್ತುವಾಗ ಹೀಗೇ ಕೇಳಸ್ತಿತ್ತು. ಎಷ್ಟು ರಾತ್ರಿಯಾದ್ರೂ ಇದು ಕೇಳಿದ ಮೇಲೇ ನಾನು ಅನ್ನಕ್ಕೆ ಇಡ್ತಿದ್ದದ್ದು’ ಎಂದರು. ಇದು ನಿಮ್ಮ ಮಗ ಇಂಗ್ಲೆಂಡಿನಲ್ಲಿ ಓಡಿಸುತ್ತಿರುವ ಕಾರಿನ ಸದ್ದು ಎಂದೆ.

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ‘ಅಲ್ಲ ಮೇಷ್ಟ್ರೇ, ಅಷ್ಟು ಓದಿ ಅಷ್ಟು ದೂರ ಹೋಗಿ ಅವನಿಗೆ ಸಿಕ್ಕಿದ್ದು ಇದೇ ಕಾರಾ?’ ಎಂದರು.